ಹೆಬ್ಬೆರಳ ಬುಡದ ಸಮಾಚಾರ

1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅರಸೀಕೆರೆ ಸುತ್ತಲಿನ ಹಳ್ಳಿಗಳ ಜಗಲಿಗಳ ಮೇಲೆ ಲಾಂದ್ರ ಇಟ್ಟುಕೊಂಡು, ಹೆಬ್ಬೆಟ್ಟು ಒತ್ತುತ್ತಿದ್ದವರಿಗೆಲ್ಲ ರುಜು ಹಾಕುವುದನ್ನು ಕಲಿಸಿದ ಮೇಡಂಗಳಲ್ಲಿ ನಾನೂ ಒಬ್ಬಳು. ಹೆಬ್ಬೆಟ್ಟು ಎಂದರೆ ನಾಚಿಕೆ, ರುಜು ಎಂದರೆ ಮರ್ಯಾದೆ ಎಂದು ಗಂಟಲು ಹರಿಯುವಂತೆ ಹೇಳಿದ್ದೆ. ಈಗ ನಾನು ಪಿಂಚಣಿದಾರಳು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ ಬಂದ ಮೇಲೆ, ನಾನಿನ್ನೂ ಬದುಕಿದ್ದೇನೆ ಎಂದು ಮೇಲಿನವರಿಗೆ ನಂಬಿಸಲು ಪುಟ್ಟದೊಂದು ಯಂತ್ರದ ಗಾಜಿನ ಮೇಲೆ ಬೆರಳಿಟ್ಟರೆ ಮುಗಿಯಿತು. ನನ್ನ ದುಂಡನೆಯ ರುಜುವನ್ನು ಯಾರೂ ಕೇಳುವುದಿಲ್ಲ. ಕಳೆದ ಸಲ ಗೆರೆ ಮೂಡದೆ ಯಂತ್ರ ಮುನಿಸಿಕೊಂಡಾಗ ಕಂಪ್ಯೂಟರ್ ಹುಡುಗ, “ಗಟ್ಟಿಯಾಗಿ ಒತ್ತಿ ಮೇಡಂ” ಅಂದ. ಒತ್ತಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚುಳ್ಳೆಂದು, ನಾನು ಹೊರಡಿಸಿದ ಸದ್ದಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬದುಕಿರುವುದಕ್ಕೆ ಅಷ್ಟು ಪುರಾವೆ ಸಾಕಿತ್ತು. ಆದರೆ ಅದನ್ನು ಅಪ್‌ಲೋಡ್ ಮಾಡುವ ಸೌಲಭ್ಯವಿರಲಿಲ್ಲ.

ಈ ನೋವು ಯಾವತ್ತು ಬಂತು ಎಂದು ಹೇಳುವ ಹಾಗಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆ ಹರಿಯುವಾಗ ಒಮ್ಮೆ ಇಣುಕಿತು. ಆಮೇಲೆ ಬೀಗದ ಕೈ ತಿರುಗಿಸುವಾಗ, ಒದ್ದೆ ಟವೆಲು ಹಿಂಡುವಾಗ, ಸೆರಗಿಗೆ ಸೇಫ್ಟಿ ಪಿನ್ ಚುಚ್ಚುವಾಗ ಬಂದು ಮಾತಾಡಿಸಿಕೊಂಡು ಹೋಗತೊಡಗಿತು. ಕೊನೆಗೆ ಒಂದು ಸಂಜೆ ಮಲ್ಲಿಗೆ ಕಟ್ಟಲು ಕೂತವಳು ಒಂದು ಮೊಳ ಮುಗಿಯುವ ಮೊದಲೇ ದಾರ ಕೆಳಗಿಟ್ಟೆ. ವಿಚಿತ್ರವೆಂದರೆ ತುಂಬಿದ ಚೀಲವನ್ನು ಮೊಣಕೈಗೆ ನೇತುಹಾಕಿಕೊಂಡು ಸಂತೆಯಿಂದ ಬಂದರೆ ಏನೂ ಇಲ್ಲ. ಸಾರಿಗೆ ಚಿಟಿಕೆ ಇಂಗು ಹಾಕಲು ಹೋದರೆ ಪ್ರಾಣ ಹೋಗುತ್ತದೆ. ಭಾರಕ್ಕೆ ಹೆದರದ ಕೈ ಚಿಟಿಕೆಗೆ ಹೆದರುವುದುಂಟೇ?

ಅರಸೀಕೆರೆಗೆ ಮಳೆ ಕೈಕೊಡಬಹುದು, ಸಲಹೆ ಕೈಕೊಡುವುದಿಲ್ಲ. 2006ರಲ್ಲಿ ಊರಿಗೂರೇ ಮಲಗಿದ ಚಿಕೂನ್‌ಗುನ್ಯಾದ ಬಾಕಿ ಇದು ಎಂದು ನಾದಿನಿ ತೀರ್ಪು ಕೊಟ್ಟಳು. ನಮ್ಮನೆಯವರು ಕನ್ನಡಕದ ಮೇಲಿಂದ ನೋಡಿ, “ಆ ಮೊಬೈಲು ಬಿಡು, ತಾನಾಗೇ ಹೋಗುತ್ತೆ” ಅಂದರು. ಅವರ ಕೈಯಲ್ಲೂ ಮೊಬೈಲೇ ಇತ್ತು. ಮಂಡಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನೆಂಟರೊಬ್ಬರು ತಾಮ್ರದ ಕಡಗ ತಂದುಕೊಟ್ಟರು. ಬಸ್ ಸ್ಟ್ಯಾಂಡಿನಿಂದ ಬರುವಾಗ ‘ಪುತ್ತೂರು ಕಟ್ಟು’ ಎಂಬ ಬೋರ್ಡು, ಹಿಂದೆಂದೂ ಕಣ್ಣಿಗೆ ಬೀಳದ್ದು, ನನ್ನನ್ನೇ ಕರೆದಂತಾಯಿತು. ಎದುರುಮನೆ ಅಕ್ಕನದು ಮಾತ್ರ ಎಲ್ಲರನ್ನೂ ಮೀರಿಸಿದ ಚಿಕಿತ್ಸೆ. “ಇದು ಉಳುಕು ಕಣ್ರೀ. ಕಾಲು ಮುಂದಾಗಿ ಹುಟ್ಟಿದವರ ಹತ್ರ ಮೆತ್ತಗೆ ಒಂದು ಒದೆಸಿಕೊಂಡರೆ ಸರಿಹೋಗುತ್ತೆ. ಸೊಂಟಕ್ಕೆ ಆಗೋದು ಕೈಗೆ ಆಗಲ್ವಾ?” ಹಾಗೆ ಹುಟ್ಟಿದವನೊಬ್ಬ ನಮ್ಮ ಬೀದಿಯಲ್ಲೇ ಇದ್ದಾನೆ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವನು. ವಿಷಯ ಕೇಳಿ ಅವನ ಮುಖ ಬೆಳಗಿದ ರೀತಿ ನೋಡಿಯೇ, ಈ ಅವಕಾಶವನ್ನು ಅವನಿಗೆ ಕೊಡಕೂಡದು ಎಂದು ನಿಶ್ಚಯಿಸಿ ಹಾಸನದ ಬಸ್ಸು ಹತ್ತಿದೆ.

ಮೂಳೆ ಡಾಕ್ಟರು ನನ್ನ ಮಗನ ವಯಸ್ಸಿನವರು. ನಾನು ಇಡೀ ಅಂಗೈಯಿಂದ ಇಡೀ ಮಣಿಕಟ್ಟನ್ನು ಸವರಿ ತೋರಿಸಿದಾಗ, “ಒಂದೇ ಬೆರಳಲ್ಲಿ ತೋರಿಸಿ ಮೇಡಂ, ಎಲ್ಲಿ?” ಎಂದರು. ಒಂದೇ ಬೆರಳಲ್ಲಿ ತೋರಿಸುವುದೆಂದರೆ ಭೂಪಟದಲ್ಲಿ ಜಿಲ್ಲೆ ಬಿಟ್ಟು ಹೋಬಳಿ ತೋರಿಸಿದ ಹಾಗೆ. ಹುಡುಕಿ ಹುಡುಕಿ ಹೆಬ್ಬೆರಳು ಮಣಿಕಟ್ಟಿಗೆ ಇಳಿಯುವ ಬುಡದಲ್ಲಿ ಬೆರಳಿಟ್ಟೆ. ಬೆಳಿಗ್ಗೆ ಎದ್ದಾಗ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಬಿಡುತ್ತದೆ ಎಂದೆ. ಒಂದು ಗಂಟೆಗೂ ಮೀರಿ ಬಿಗಿದಿದ್ದು, ಎರಡೂ ಕೈಯ ಬೆರಳ ಗೆಣ್ಣುಗಳು ಒಟ್ಟಿಗೇ ಊದಿಕೊಂಡಿದ್ದರೆ ಅದು ರುಮಟಾಯ್ಡ್ ಸಂಧಿವಾತದ ಚಾಳಿ, ಅದಕ್ಕೆ ರಕ್ತಪರೀಕ್ಷೆಯೇ ಬೇರೆ, ಔಷಧಿಯೇ ಬೇರೆ, ತಡ ಮಾಡುವ ಹಾಗಿಲ್ಲ ಎಂದರು. ನನ್ನದು ಆ ಜಾತಿಯಲ್ಲ.

ಆಮೇಲೆ ಹೆಬ್ಬೆರಳನ್ನು ಹಿಂದಕ್ಕೆ ಎತ್ತಿಸಿದರು. ಹಾಗೆ ಎತ್ತಿದಾಗ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಒಂದು ಗುಳಿ ಬೀಳುತ್ತದಲ್ಲ, ವೈದ್ಯರ ಪುಸ್ತಕದಲ್ಲಿ ಅದನ್ನು ನಶ್ಯದ ಡಬ್ಬಿ ಎನ್ನುತ್ತಾರಂತೆ. ಯುರೋಪಿನವರು ಅಲ್ಲಿ ನಶ್ಯ ಇಟ್ಟುಕೊಂಡು ಮೂಗಿಗೇರಿಸುತ್ತಿದ್ದರು. ನಮ್ಮಜ್ಜ ಜೀವಮಾನವಿಡೀ ತಗಡಿನ ಡಬ್ಬಿ ಕಳೆದುಕೊಂಡು ಮನೆಯವರನ್ನೆಲ್ಲ ಬೈದವರು. ದೇವರು ಕೊಟ್ಟ ಡಬ್ಬಿಯೊಂದು ಕೈಯಲ್ಲೇ ಇದೆ ಎಂದು ಅವರಿಗೆ ಗೊತ್ತಾಗದೇ ಹೋಯಿತು. ಕೈಯೂರಿ ಬಿದ್ದವರಿಗೆ ಆ ಗುಳಿಯಲ್ಲಿ ಒತ್ತಿದರೆ ನೋವಾದರೆ, ಒಳಗಿನ ಸ್ಕೇಫಾಯ್ಡ್ ಎಂಬ ಮೂಳೆ ಬಿರುಕು ಬಿಟ್ಟಿರಬಹುದು ಎಂಬ ಗುಮಾನಿ. ನಾನು ಬಿದ್ದಿರಲಿಲ್ಲ.

ಮುಂದಿನದು ಮುಷ್ಟಿಯ ಪರೀಕ್ಷೆ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದು, ಮಣಿಕಟ್ಟನ್ನು ಕಿರುಬೆರಳ ಕಡೆಗೆ ವಾಲಿಸಬೇಕು. ಪ್ರಾಣ ಹೋಗುವಷ್ಟು ನೋವಾದರೆ ಕೀಲಿನ ದೋಷಕ್ಕಿಂತ ಹೆಚ್ಚಾಗಿ, ಹೆಬ್ಬೆರಳ ಸ್ನಾಯುರಜ್ಜುಗಳು ಸಾಗುವ ಕೊಳವೆ ಊದಿಕೊಂಡಿದೆ ಎಂಬ ಗುಮಾನಿ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೇನ್ ಇದನ್ನು 1895ರಲ್ಲಿ ವಿವರಿಸಿದ್ದರಿಂದ ಕಾಯಿಲೆಗೆ ಅವನದೇ ಹೆಸರು. “ಮಗುವನ್ನು ಎತ್ತಿ ಇಳಿಸುವ ತಾಯಂದಿರಿಗೆ ಹೆಚ್ಚು ಬರುತ್ತೆ. ನಿಮಗೆ ಅದಲ್ಲ” ಎಂದರು. ಎಳೆ ತಾಯಂದಿರ ಪಟ್ಟಿಯಿಂದ ನನ್ನನ್ನು ಅಷ್ಟು ಸಲೀಸಾಗಿ ತೆಗೆದುಹಾಕಿದ್ದಕ್ಕೆ ಸ್ವಲ್ಪ ಬೇಸರವಾಯಿತು.

ಕೊನೆಗೆ ಹೆಬ್ಬೆರಳ ಬುಡದ ಉದ್ದನೆಯ ಮೂಳೆಯನ್ನು ಹಿಡಿದು, ಮಣಿಕಟ್ಟಿನ ಕಡೆಗೆ ಒತ್ತಿ, ಮೆಲ್ಲಗೆ ತಿರುವಿದರು. ಒಳಗೆ ಕರಕರ ಎಂದಿತು. ನನಗೆ ನೋವಾದರೂ ಆ ಸದ್ದಿಗೆ ಊರು ನೆನಪಾಯಿತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿದ ಕಾಯನ್ನು ಕೆಳಗಿಳಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ನಮ್ಮಪ್ಪ ಹೀಗೆಯೇ ಕೇಳುತ್ತಿದ್ದರು. ಅಪ್ಪನ ಮುಖದಲ್ಲಿ ಆಗ ಮೂಡುತ್ತಿದ್ದ ತೃಪ್ತಿಯೇ ಈಗ ಡಾಕ್ಟರ ಮುಖದಲ್ಲಿತ್ತು. ನಾನು ಒಣಗಿದ್ದೆ, ಇಳಿಸಬಹುದಾಗಿತ್ತು.

ಎಕ್ಸ್‌ರೇಗೆ ಬಳೆ ತೆಗೆಯಬೇಕೆಂದರು. ಬಳೆ ತೆಗೆಯುವುದೆಂದರೆ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಯಾವ ಜಾಗ ನೋಯುತ್ತದೋ ಅದೇ ಜಾಗವನ್ನು ಹಿಂಡಿ ಕಿರಿದು ಮಾಡುವುದು. ನರ್ಸಮ್ಮ ಸೋಪು ಹಚ್ಚಿ ಎಳೆದಳು. ರೋಗ ಎಲ್ಲಿದೆಯೆಂದು ನನಗೆ ಅಲ್ಲೇ ಖಾತ್ರಿಯಾಯಿತು. ಡಿ ಕರ್ವೇನನ ಅದೇ 1895ರ ಡಿಸೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ತನ್ನ ಹೆಂಡತಿಯ ಕೈಯನ್ನಿರಿಸಿ ಎಕ್ಸ್‌ರೇ ತೆಗೆದ. ಆ ಚಿತ್ರದಲ್ಲಿ ಮೂಳೆಯ ಬೆರಳಿಗೆ ಉಂಗುರ ಹಾಗೇ ಇದೆ. ಪುಣ್ಯಾತ್ಗಿತ್ತಿ, ಅವಳಿಗೆ ಯಾರೂ ಸೋಪು ಹಚ್ಚಲಿಲ್ಲ.

ಪರದೆಯ ಮೇಲೆ ನನ್ನ ಕೈ ಬೂದಿ ಬಣ್ಣದಲ್ಲಿ ಮೂಡಿತು. ಒಂದು ಕೈಗೆ 27 ಮೂಳೆ, ಅದರಲ್ಲಿ ಮಣಿಕಟ್ಟಿನ ಪಾಲು 8. ಆ ಎಂಟರಲ್ಲಿ ಹೆಬ್ಬೆರಳನ್ನು ಹೊತ್ತಿರುವುದು ಟ್ರಪೀಜಿಯಂ. ಏಳನೇ ಕ್ಲಾಸಿಗೆ ತ್ರಾಪಿಜ್ಯದ ವಿಸ್ತೀರ್ಣವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದ ನನ್ನ ಕೈಯೊಳಗೇ ಅದು ಅಡಗಿ ಕೂತಿತ್ತು. ಅದರ ಮೇಲ್ಮೈ ಕುದುರೆಯ ತಡಿಯ ಆಕಾರ. ಅದರ ಮೇಲೆ ಹೆಬ್ಬೆರಳ ಮೂಳೆ ಸವಾರಿ ಮಾಡುತ್ತದೆ. ಹೆಬ್ಬೆರಳು ಮಿಕ್ಕ ನಾಲ್ಕು ಬೆರಳುಗಳ ತುದಿ ಮುಟ್ಟಿ ಬರುವುದು ಈ ಸವಾರಿಯಿಂದಲೇ. ಕೀಲಿನ ಮೃದ್ವಸ್ಥಿ ಸವೆದು ಮೂಳೆಗಳ ನಡುವಿನ ಸಂದು ಕಿರಿದಾಗಿತ್ತು, ಅಂಚಿನಲ್ಲಿ ಮುಳ್ಳಿನಂತೆ ಮೂಳೆ ಬೆಳೆದಿತ್ತು. ನನ್ನ ಕಾಯಿಲೆ ಈ ಸವೆತವೇ. ಟ್ರಪೀಜಿಯಂನ ಕೆಳಮಗ್ಗುಲಲ್ಲಿ ಸ್ಕೇಫಾಯ್ಡ್ ಮತ್ತು ಟ್ರಪೀಜಾಯ್ಡ್ ಅದರೊಡನೆ ಕೂಡುವ ಇನ್ನೊಂದು ಕೀಲಿದೆ. ಕೆಲವರಿಗೆ ಸವೆತ ಅಲ್ಲೇ ಶುರುವಾಗುತ್ತದೆ, ಕೆಲವರಿಗೆ ಮೇಲಿಂದ ಅಲ್ಲಿಗೆ ಇಳಿಯುತ್ತದೆ. ಈಟನ್ ಮತ್ತು ಲಿಟ್ಲರ್ ಎಂಬ ವೈದ್ಯರ ಹೆಸರಿನ ನಾಲ್ಕು ಹಂತಗಳ ಲೆಕ್ಕದಲ್ಲಿ ಹಾಗೆ ಇಳಿದದ್ದು ನಾಲ್ಕನೆಯದು. ನನ್ನದು ಮೂರನೆಯದು, ಜೀವಮಾನದಲ್ಲಿ ನನಗೆ ಥರ್ಡ್ ಕ್ಲಾಸು ಬಂದದ್ದು ಇದೇ ಮೊದಲು. “ಫೋಟೋ ನೋಡಿ ಹೆದರಬೇಡಿ” ಎಂದರು ಡಾಕ್ಟರು, “ಫೋಟೋ ಕೆಟ್ಟದಾಗಿದ್ದೂ ನೋವಿಲ್ಲದವರಿದ್ದಾರೆ, ಫೋಟೋ ಚೆನ್ನಾಗಿದ್ದೂ ಅಳುವವರಿದ್ದಾರೆ.” ಮದುವೆ ಆಲ್ಬಮ್ಮುಗಳಿಗೂ ಈ ಮಾತು ಒಪ್ಪುತ್ತದೆ.

ಚಿಟಿಕೆಯ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಒಂದು ಕೆ.ಜಿ.ಯಷ್ಟು ಬಲ ಹಾಕಿ ಹಿಡಿದರೆ, ಬುಡದ ಕೀಲಿನ ಮೇಲೆ ಬೀಳುವ ಒತ್ತಡ ಸುಮಾರು 12 ಕೆ.ಜಿ. ಎಂದು 1977ರಲ್ಲೇ ಕೂನಿ ಮತ್ತು ಚಾವ್ ಲೆಕ್ಕ ಹಾಕಿದ್ದಾರೆ. ನಾನು ಸೀಮೆಸುಣ್ಣ ಹಿಡಿದ ವರ್ಷಗಳನ್ನು ನೆನೆದೆ. ಆಮೇಲೆ ಹಿಂಡಿದ ಕಿವಿಗಳನ್ನು. ಪ್ರತಿಯೊಂದು ಕಿವಿಗೂ ನನ್ನ ಕೀಲು ಹನ್ನೆರಡು ಪಾಲು ತೆತ್ತಿದೆ. ನಮ್ಮ ಬೀದಿಯ ಆ ಹುಡುಗ ಒದೆಯುವ ಅಗತ್ಯವೇ ಇರಲಿಲ್ಲ, ಲೆಕ್ಕ ಆಗಲೇ ಚುಕ್ತಾ ಆಗಿತ್ತು.

ಚಿಕಿತ್ಸೆ ಎಂದರೆ ಮಾತ್ರೆ ಎಂದುಕೊಂಡಿದ್ದೆ. ನೋವು ಹೆಚ್ಚಾದಾಗ ಹಚ್ಚಲು ಡೈಕ್ಲೋಫೆನಾಕ್ ಜೆಲ್ ಬರೆದರು, ಬಿ.ಪಿ. ಇರುವುದರಿಂದ ನೋವಿನ ಮಾತ್ರೆಯನ್ನು ಕೇಳದೆ ನುಂಗಕೂಡದು ಎಂದರು, ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಒಳ್ಳೆಯದಲ್ಲ. ಹೆಬ್ಬೆರಳನ್ನೂ ಮಣಿಕಟ್ಟನ್ನೂ ಸೇರಿಸಿ ಹಿಡಿದಿಡುವ ಒಂದು ಪಟ್ಟಿ ಕೊಟ್ಟರು. ಅದನ್ನು ತೊಟ್ಟುಕೊಂಡರೆ ನಾನು ಸದಾ ಯಾರಿಗೋ ‘ಭೇಷ್’ ಎನ್ನುತ್ತಿರುವಂತೆ ಕಾಣುತ್ತೇನೆ. ಹಿಡಿತ ಕಳೆಯದಿರಲು ಬೆರಳಿನ ವ್ಯಾಯಾಮ. ಇದಕ್ಕೆ ಬಗ್ಗದಿದ್ದರೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಕೆಲವು ವಾರ, ಅದೃಷ್ಟವಿದ್ದರೆ ಕೆಲವು ತಿಂಗಳು ಆರಾಮ, ಆದರೆ ಪದೇ ಪದೇ ಚುಚ್ಚಿಸುವಂತಿಲ್ಲ. ಎಲ್ಲಕ್ಕೂ ಕೊನೆಯದು ಶಸ್ತ್ರಚಿಕಿತ್ಸೆ. ಇಂಗ್ಲೆಂಡಿನ ಗೆರ್ವಿಸ್ ಎಂಬ ವೈದ್ಯ 1949ರಲ್ಲಿ ವರದಿ ಮಾಡಿದ ದಾರಿ ಇವತ್ತಿಗೂ ನಡೆಯುತ್ತಿದೆ: ತಕರಾರು ಮಾಡುವ ಟ್ರಪೀಜಿಯಂ ಮೂಳೆಯನ್ನೇ ಇಡಿಯಾಗಿ ತೆಗೆದುಬಿಡುವುದು. ಕೆಳಗಿನ ಕೀಲು ಮಾತ್ರ ಸವೆದಿದ್ದರೆ ಮೂರು ಮೂಳೆ ಬೆಸೆಯುವುದೋ, ಸ್ಕೇಫಾಯ್ಡಿನ ತುದಿ ತೆಗೆಯುವುದೋ ಉಂಟು. ಮೂಳೆ ತೆಗೆದ ಮೇಲೂ ಕೈ ನಡೆಯುತ್ತದಂತೆ, ಚಿಟಿಕೆಯ ಬಲ ಮರಳಲು ತಿಂಗಳುಗಳೇ ಬೇಕು ಅಷ್ಟೆ. ಅಷ್ಟು ದೂರ ನಾನು ಹೋಗಬೇಕಿಲ್ಲ ಎಂದರು.

ನಿಜವಾದ ಔಷಧಿ ಆ ಚೀಟಿಯ ಹಿಂಬದಿಯಲ್ಲಿತ್ತು. ಫಿಸಿಯೋಥೆರಪಿಯ ಹುಡುಗಿ ಒಂದೊಂದಾಗಿ ಬರೆದುಕೊಟ್ಟಳು: ಪಾತ್ರೆಯನ್ನು ಬೆರಳ ತುದಿಯಲ್ಲಿ ಎತ್ತಬೇಡಿ, ಎರಡೂ ಅಂಗೈ ಕೊಟ್ಟು ಎತ್ತಿ. ಮುಚ್ಚಳವನ್ನು ಅಂಗೈಯ ಬುಡದಿಂದ ತಿರುಗಿಸಿ. ಚಾಕು, ಸೌಟಿನ ಹಿಡಿ ಸಣ್ಣದಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿ. ಬಟ್ಟೆ ಹಿಂಡಬೇಡಿ. ಮುದ್ದೆ ತಿರುವಬೇಡಿ. “ಹೂ?” ಎಂದೆ. “ಹೂವೂ ಕಟ್ಟಬೇಡಿ, ಆಂಟಿ.”

ನಮ್ಮ ಕಡೆ ಜಕಣಾಚಾರಿಯ ಕಥೆ ಗೊತ್ತಿಲ್ಲದವರಿಲ್ಲ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಲ್ಲಿನಲ್ಲಿ ದೋಷವಿದೆ ಎಂದು ಮಗ ಡಂಕಣ ತೋರಿಸಿಕೊಟ್ಟಾಗ, ಆಡಿದ ಮಾತಿಗೆ ತಪ್ಪದೆ ಬಲಗೈ ಕತ್ತರಿಸಿಕೊಂಡವನು. ಆಮೇಲೆ ತುಮಕೂರಿನ ಹತ್ತಿರದ ಕೈದಾಳದಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟಿದ್ದಕ್ಕೆ ಕೈ ಮರಳಿ ಪಡೆದವನು. ಜಕಣಾಚಾರಿಗೆ ಕಟ್ಟಿದರೆ ಕೈ ಬಂತು. ನನಗೆ ಏನನ್ನೂ, ಮೊಳ ಮಲ್ಲಿಗೆಯನ್ನು ಕೂಡ, ಕಟ್ಟದಿದ್ದರೆ ಮಾತ್ರ ಕೈ ಉಳಿಯುತ್ತದಂತೆ.

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬೆಂಗಳೂರಿನ ಮಗಳು ಅಳಿಯನಿಗೆ ಅವು ಇದ್ದಕ್ಕಿದ್ದಂತೆ ದೂರದ ಊರುಗಳಾದವು. ನೋಡಲೇಬೇಕೆಂದು ಹಸುಗೂಸಿನೊಡನೆ ಬಂದರು. ಜಾವಗಲ್ ದಾಟುವಾಗ ಅಳಿಯಂದಿರು ಶ್ರೀನಾಥರ ಬೌಲಿಂಗ್ ನೆನೆದರು. ನಾನು ಆ ಸೀಮ್ ಹಿಡಿಯುವ ಹೆಬ್ಬೆರಳನ್ನು ನೆನೆದೆ. ಕಾಯಿಲೆ ಬಂದವರಿಗೆ ಲೋಕವೆಲ್ಲ ಅದೇ.

1117ರ ಚೆನ್ನಕೇಶವನ ಗುಡಿಯಲ್ಲಿ ಎಷ್ಟು ಸಲ ನಿಂತಿದ್ದೆನೋ, ಮಕ್ಕಳನ್ನು ಎಷ್ಟು ಟೂರು ಕರೆತಂದಿದ್ದೆನೋ. ಯಾವತ್ತೂ ಮುಖ ನೋಡುತ್ತಿದ್ದವಳು ಈ ಸಲ ಮಣಿಕಟ್ಟು ನೋಡಿದೆ. ದರ್ಪಣಸುಂದರಿ ಒಂಬೈನೂರು ವರ್ಷದಿಂದ ಕನ್ನಡಿ ಕೆಳಗಿಟ್ಟಿಲ್ಲ. ಒಳಗಿನ ಮದನಿಕೆಯೊಬ್ಬಳ ಕೈಬಳೆ ತಿರುಗುತ್ತದೆ ಎಂದು ಗೈಡು ಹೆಮ್ಮೆಯಿಂದ ಹೇಳಿದ. ನನ್ನದು ಸೋಪಿಲ್ಲದೆ ಅಲುಗುವುದಿಲ್ಲ ಎಂದು ನಾನು ಹೇಳಲಿಲ್ಲ. ಈ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಷ್ಟೂ ಗಟ್ಟಿ. ಹಾಗಾಗಿಯೇ ಉಗುರಿನಷ್ಟು ಸಣ್ಣ ಕುಸುರಿಯೂ ಸಾಧ್ಯವಾಯಿತು. ಆದರೆ ಉಗುರಿನಷ್ಟು ಸಣ್ಣ ಕುಸುರಿಗೆ ಅಷ್ಟೇ ಸಣ್ಣ ಉಳಿ ಬೇಕು, ಸಣ್ಣ ಉಳಿಗೆ ಬಿಗಿಯಾದ ಚಿಟಿಕೆ ಬೇಕು. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮದನಿಕೆಯರ ಪಾದದಡಿ ಹೆಸರು ಕೊರೆದುಕೊಂಡಿದ್ದಾರೆ, ಬಿರುದುಗಳನ್ನೂ ಕೊರೆದಿದ್ದಾರೆ. ದೇವರ ದೀಪದ ಎಣ್ಣೆಗೆ ಯಾರು ದತ್ತಿ ಬಿಟ್ಟರೆಂದು ನಮ್ಮ ಶಾಸನಗಳಲ್ಲಿ ಲೆಕ್ಕ ಸಿಗುತ್ತದೆ. ರಾತ್ರಿ ದಾಸೋಜನ ಹೆಬ್ಬೆರಳ ಬುಡಕ್ಕೆ ತಿಕ್ಕಿದ ಎಣ್ಣೆಯ ಲೆಕ್ಕ ಯಾವ ಶಾಸನದಲ್ಲೂ ಇಲ್ಲ.

ಮಗಳು ಕೂಸಿಗೆ ಮದನಿಕೆ ತೋರಿಸಲು ಅದರ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿದವಳು, “ಅಮ್ಮಾ” ಎಂದು ಥಟ್ಟನೆ ಇಳಿಸಿದಳು. ನನಗೆ ಅಷ್ಟೇ ಬೇಕಿತ್ತು. “ಹೆಬ್ಬೆರಳು ಒಳಗಿಟ್ಟು ಮುಷ್ಟಿ ಬಿಗಿ. ಈಗ ಕೈ ಕೆಳಕ್ಕೆ ವಾಲಿಸು” ಎಂದೆ. ಅವಳ ಚೀರಾಟಕ್ಕೆ ಗೈಡು ಮಾತು ನಿಲ್ಲಿಸಿದ. “ನಿಂದು ನನ್ನದಲ್ಲ ಕಣೇ, ಡಿ ಕರ್ವೇನಂದು. ಬೆಂಗಳೂರಿಗೆ ಹೋದ ತಕ್ಷಣ ಡಾಕ್ಟರಿಗೆ ತೋರಿಸು. ಅಲ್ಲಿವರೆಗೆ ಕಂಕುಳಿಗೆ ಕೈ ಕೊಟ್ಟು ಎತ್ತಬೇಡ, ಕುಂಡೆ ಕೆಳಗೆ ಅಂಗೈ ಕೊಟ್ಟು ಬಾಚಿ ಎತ್ತು” ಎಂದೆ. ಅಳಿಯಂದಿರು ನನ್ನನ್ನು ಮೊದಲ ಸಲ ಗೌರವದಿಂದ ನೋಡಿದರು.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಸುತ್ತ ಹೋದರೆ ಕೈ ಇಲ್ಲದ ದೇವರುಗಳು ಎಷ್ಟೊಂದು. ಅಲ್ಲಿನ ಗೈಡು ಪ್ರತಿ ಮುರಿದ ಮಣಿಕಟ್ಟಿಗೂ 1311ರಲ್ಲಿ ಬಂದ ಮಲಿಕ್ ಕಾಫೂರನನ್ನೇ ಹೊಣೆ ಮಾಡಿದ. ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಕೈ ಯಾಕೆ ಹೀಗಾಯಿತು ಎಂದರೆ ಡಾಕ್ಟರು ಒಬ್ಬ ಅಪರಾಧಿಯನ್ನೂ ಹಿಡಿದುಕೊಡಲಿಲ್ಲ: ವಯಸ್ಸು, ಮುಟ್ಟು ನಿಂತ ಹೆಂಗಸರಿಗೆ ಹೆಚ್ಚು, ಮನೆತನದಲ್ಲಿ ಇದ್ದರೂ ಬರಬಹುದು.

ಮನೆತನ ಎಂದಾಗ ಅಮ್ಮ ನೆನಪಾದಳು. ತವರುಮನೆ ಹಳೇಬೀಡಿನ ಪಕ್ಕದ ಹಳ್ಳಿ. ಅಲ್ಲೇ ಊಟಕ್ಕೆ ಇಳಿದೆವು. ಅಮ್ಮನ ಹೆಬ್ಬೆರಳ ಬುಡ ಚೌಕವಾಗಿ ಹೊರಕ್ಕೆ ಚಾಚಿಕೊಂಡಿತ್ತು. ಅದೊಂದು ಕಾಯಿಲೆಯೆಂದು ನಮಗೆ ಯಾರಿಗೂ ಅನಿಸಿರಲಿಲ್ಲ, ಅಮ್ಮನ ಕೈ ಇರುವುದೇ ಹಾಗೆ. ಕೇಳಿದರೆ “ವಾಯು” ಎನ್ನುತ್ತಿದ್ದಳು, ಹರಳೆಣ್ಣೆ ಸವರಿ ಎಕ್ಕದೆಲೆಯ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತಿಗೆ ಮುದ್ದೆ ತಿರುವುತ್ತಿದ್ದರು. ಕವೆಗೋಲನ್ನು ಕಾಲಲ್ಲಿ ಮೆಟ್ಟಿ ಹಿಡಿದಿದ್ದರು. ಕೈಯಲ್ಲಿದ್ದ ಮುದ್ದೆಕೋಲಿನ ಹಿಡಿಗೆ ಹಳೇ ಸೀರೆಯ ಪಟ್ಟಿ ಸುತ್ತಿತ್ತು. ಒಂದರ ಮೇಲೊಂದು ಸುತ್ತು, ಮೇಲಿನದು ಎಣ್ಣೆ ಹೊಗೆ ಕುಡಿದು ಕಪ್ಪಾಗಿ, ಅಂಚಿನ ಒಂದು ಕೆಂಪು ಎಳೆ ಮಾತ್ರ ಅಲ್ಲಲ್ಲಿ ಉಳಿದು. “ಅತ್ತೆ ಸುತ್ತಿದ್ದು. ಹಿಡಿಯೋಕೆ ಹಿತವಾಗಿದೆ ಅಂತ ಹಂಗೇ ಬಿಟ್ಟಿದೀನಿ” ಅಂದರು. ಮಚ್ಚಿನ ಹಿಡಿಗೂ ಅದೇ ಸೀರೆ. ನೆನೆದರೆ, ಅಮ್ಮ ತಪ್ಪಲೆಯನ್ನು ಎರಡೂ ಅಂಗೈಯಲ್ಲಿ ಅಪ್ಪಿ ಇಳಿಸುತ್ತಿದ್ದವಳು, ಒದ್ದೆ ಬಟ್ಟೆಯನ್ನು ಹಿಂಡದೆ ಹಾಗೇ ಹಗ್ಗಕ್ಕೆ ಹಾಕಿ ನಮ್ಮಿಂದ ಸೋಮಾರಿ ಅನ್ನಿಸಿಕೊಂಡವಳು. ಹಾಸನದ ಆ ಚೀಟಿಯ ಹಿಂಬದಿಯಲ್ಲಿ ಇದ್ದದ್ದನ್ನೆಲ್ಲ ಯಾರೂ ಹೇಳಿಕೊಡದೆ, ನೋವೊಂದರಿಂದಲೇ ಕಲಿತು, ಅಡುಗೆಮನೆ ತುಂಬ ಬರೆದಿಟ್ಟು ಹೋಗಿದ್ದಳು. ಒಂದನ್ನು ಮಾತ್ರ ಪಾಲಿಸಲು ಅವಳಿಗೆ ಆಗಲಿಲ್ಲ. ಮುದ್ದೆ ತಿರುವಬೇಡಿ ಎಂಬ ಔಷಧಿ ಕೆಲಸ ಮಾಡಬೇಕಾದರೆ ಮನೆಯಲ್ಲಿ ತಿರುವುವ ಇನ್ನೊಂದು ಜೊತೆ ಕೈ ಇರಬೇಕು. ಆ ಕೈಗಳೆಲ್ಲ ಆಗ ಜಗಲಿಯ ಮೇಲೆ ಕೂತು ಮುದ್ದೆಗೆ ಕಾಯುತ್ತಿದ್ದವು.

ನನ್ನ ಮನೆಯಲ್ಲಿ ಆ ಕೈಗಳು ಒಳಗೆ ಬಂದಿವೆ. ನಮ್ಮನೆಯವರು ತಿರುವಿದ ಮೊದಲ ಮುದ್ದೆಗಳು ಅರ್ಧ ಬೆಂದು ಅರ್ಧ ಹಿಟ್ಟಾಗಿದ್ದವು. ನುಂಗಿದೆ, ನೋವಿನ ಮಾತ್ರೆಗಿಂತ ಹೊಟ್ಟೆಗೆ ಒಳ್ಳೆಯದು. ಈಗೀಗ ಸುಧಾರಿಸಿದ್ದಾರೆ, ಹಿಟ್ಟು ಸರಿಯಿಲ್ಲ ಎಂದು ಗಿರಣಿಯವನನ್ನು ಬೈಯುವಷ್ಟು ಮುಂದುವರಿದಿದ್ದಾರೆ. ಅವತ್ತು ತವರಿನಲ್ಲಿ ಊಟ ಮುಗಿದ ಮೇಲೆ ಅಳಿಯಂದಿರನ್ನು ಪಕ್ಕಕ್ಕೆ ಕರೆದು, ಮಗಳ ಕೈಗೆ ಡಾಕ್ಟರು ಏನೇ ಬರೆಯಲಿ, ನನ್ನದೂ ಒಂದು ಚೀಟಿ ಇರಲಿ ಎಂದು ಹೇಳಿ ಬರೆದುಕೊಟ್ಟೆ. ಕೂಸಿಗೆ ಸ್ನಾನ ಮಾಡಿಸುವುದು, ಬೆಳಿಗ್ಗೆ ಒಂದು ಸಲ. ಮುದ್ದೆ ತಿರುವುವುದು, ರಾತ್ರಿ ಒಂದು ಸಲ, ಊಟಕ್ಕೆ ಮುಂಚೆ. ಕೆಳಗೆ ದುಂಡಗೆ ರುಜು ಹಾಕಿದೆ. ಎಷ್ಟು ದಿನ ಅತ್ತೆ ಎಂದು ಕೇಳಿದರು. ಡಾಕ್ಟರುಗಳು ಬಿ.ಪಿ. ಮಾತ್ರೆಗೆ ಹೇಳುವುದನ್ನೇ ನಾನೂ ಹೇಳಿದೆ: ನಿಲ್ಲಿಸುವ ಹಾಗಿಲ್ಲ.